ಶೈಲಶ್ರೀಯ ಪ್ರೊಬೇಷನ್

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಶೈಲಶ್ರೀಗೆ ಒಂದು ವಿಷಯ ಖಚಿತವಾಯಿತು. ಸಿದ್ದಾರೂಢ ಸಾಹೇಬರಿಗೆ ತಾನು ಬೇಡ.

೨೦೦೨ರ ಮಾತು. ಮರಾಠಿ ಸೀಮೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಆ ಕಾರ್ಖಾನೆಗೆ ಸಿದ್ದಾರೂಢ ಎಚ್‌ಆರ್ ಮ್ಯಾನೇಜರ್. ಗೋಕಾಕದ ಕಡೆಯವರು, ಕಾರಕೂನನಾಗಿ ಸೇರಿ ಮೇಲೆ ಬಂದವರು. ಶೈಲಶ್ರೀ ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ಬಂದ ಟ್ರೇನಿ. ಒಂದು ವರ್ಷ ಜೊತೆಗಿಟ್ಟುಕೊಂಡು ಈ ಹುಡುಗಿಯನ್ನು ತಯಾರು ಮಾಡಿ ಎಂದು ಡೈರೆಕ್ಟರ್ ದಿಗಂಬರ ಅವಳನ್ನು ಸಾಹೇಬರಿಗೆ ಒಪ್ಪಿಸಿದ್ದರು. ನಮ್ಮ ಕಡೆಯವರೇ ಸಿಕ್ಕರಲ್ಲ ಎಂದು ಊರಲ್ಲಿ ಅವಳ ಅವ್ವ ನಿಶ್ಚಿಂತೆಯಿಂದಿದ್ದಳು.

ಸಂದರ್ಶನಗಳಿದ್ದ ದಿನ ಶೈಲಶ್ರೀ ಹೊರಗೆ ನಿಂತು ಹೆಸರು ಕೂಗಬೇಕಿತ್ತು. ಯೂನಿಯನ್ನಿನವರು ಮಾತುಕತೆಗೆ ಬಂದರೆ ಚಹಾ ಹೇಳಿ, ಬಾಗಿಲು ಎಳೆದುಕೊಂಡು ಹೋಗಬೇಕಿತ್ತು. ಏನಾದರೂ ಕೇಳಿದರೆ, ಇಷ್ಟೂ ಕಲಿಸದ ಕಾಲೇಜು ಯಾವುದು ಎಂದು ಸಾಹೇಬರು ಎಲ್ಲರ ಮುಂದೆ ಮರಾಠಿಯಲ್ಲಿ ನಗುತ್ತಿದ್ದರು. ಉಳಿದವರೂ ನಗುತ್ತಿದ್ದರು.

ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ಅವರು ಅವಳನ್ನು ಕರೆದು ಕೂರಿಸಿದರು. ಅಪ್ರೆಂಟಿಸ್ ಹುಡುಗರನ್ನು ಮುಂದುವರಿಸುವುದಿಲ್ಲವೆಂದು ಕಂಪನಿ ತೀರ್ಮಾನಿಸಿತ್ತು. ಅದನ್ನು ಗೇಟಿನ ಹತ್ತಿರ ಎಲ್ಲರಿಗೂ ತಿಳಿಸಬೇಕಿತ್ತು.

"ನಾಳೆ ನೀನ ಮಾತಾಡು. ಯಾವಾಗರೆ ಕಲೀಬೇಕಲ್ಲ," ಎಂದರು.

ಕೊನೆಗೂ ಒಂದು ಕೆಲಸ ಕೊಟ್ಟರಲ್ಲ ಎಂದು ಅವಳಿಗೆ ಹಿಗ್ಗಾಯಿತು. ಮರಾಠಿ ವಾಕ್ಯಗಳನ್ನು ಮತ್ತೆ ಮತ್ತೆ ಹೇಳಿಕೊಂಡು ತಯಾರಾದಳು.

ಮರುದಿನ ಶಿಫ್ಟ್ ಬಿಟ್ಟಾಗ ಗೇಟಿನಲ್ಲಿ ಜನ ಅವಳಿಗಾಗಿಯೇ ಕಾದಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಬೈಗುಳ ಶುರುವಾಯಿತು. ಯಾರೋ ಎಸೆದ ಚಹಾ ಅವಳ ಓಢಣಿಯ ಮೇಲೆ ಬಿತ್ತು. ಯೂನಿಯನ್ನಿನ ಮುಖಂಡ ಕೇದಾರ ಮುಂದೆ ಬಂದು, ಹುಡುಗರು ನಾಲಾಯಕ್ ಎಂದು ರಿಪೋರ್ಟ್ ಬರೆದು ಅವರ ಅನ್ನ ಕಿತ್ತುಕೊಂಡವಳು ನೀನೇ ತಾನೆ ಎಂದು ಕೇಳಿದ. ನಾನು ಎಷ್ಟೋ ತಡೆದೆ, ಹೊಸ ಮೇಡಂ ಕೇಳಲಿಲ್ಲ ಎಂದು ಸಾಹೇಬರೇ ನಿನ್ನೆ ಅವನಿಗೆ ಹೇಳಿದ್ದರಂತೆ.

ಶೈಲಶ್ರೀಗೆ ಎಲ್ಲ ಅರ್ಥವಾಯಿತು. ಹೆದರಿಕೆ ಹೋಗಿ ಮೈಯೆಲ್ಲ ಉರಿಯಿತು. ತಾನು ಯಾವ ರಿಪೋರ್ಟನ್ನೂ ಬರೆದಿಲ್ಲ, ನಡೆಯಿರಿ, ಸಾಹೇಬರನ್ನೇ ಕೇಳೋಣ ಎಂದು ಹೇಳಿ ತಾನೇ ಮುಂದೆ ಹೊರಟಳು. ಕೇದಾರನೂ ಐದಾರು ಜನರೂ ಹಿಂದೆ ಬಂದರು.

ಕ್ಯಾಬಿನ್‌ಗೆ ಬಂದ ಅವರನ್ನು ಕಂಡು ಸಾಹೇಬರು ನಕ್ಕರು. ಹುಡುಗಿ ಹೊಸಬಳು, ಗಾಬರಿಯಲ್ಲಿ ಏನೋ ಎಡವಟ್ಟು ಮಾಡಿದ್ದಾಳೆ ಎಂದರು. ಅಷ್ಟು ಸಿಟ್ಟನ್ನು ಮರಾಠಿಯಲ್ಲಿ ಆಡಲು ಶೈಲಶ್ರೀಗೆ ಬರುತ್ತಿರಲಿಲ್ಲ. ಕನ್ನಡದಲ್ಲೇ ಕೇಳಿದಳು.

"ನಾ ಯಾವ ರಿಪೋರ್ಟ್ ಬರದೀನ್ರಿ ಸಾಹೇಬ್ರ? ಇವರ ಮುಂದ ಹೇಳ್ರಿ."

ಕೇದಾರನಿಗೆ ಮಾತು ತಿಳಿಯದಿದ್ದರೂ ಸಾಹೇಬರ ಪೆಚ್ಚಾದ ಮುಖ ತಿಳಿಯಿತು. ಹೊರಡುವಾಗ ಅವನು ಅವಳಿಗೆ, ನಿನ್ನ ಮಾತು ನಂಬುತ್ತೇನೆ, ಆದರೆ ಹುಡುಗರು ಮನೆಗೆ ಹೋಗುವುದು ತಪ್ಪಲಿಲ್ಲವಲ್ಲ ಎಂದ.

ಸಾಹೇಬರು ಬಾಗಿಲು ಹಾಕಿದರು.

"ಮ್ಯಾನೇಜ್‌ಮೆಂಟಿನಾಕಿ ಆಗಿ ವರ್ಕರ್‌ಗಳನ್ನ ನನ್ನ ಕ್ಯಾಬಿನ್‌ಗೆ ಕರಕೊಂಡು ಬಂದಿ. ನನ್ನೂ ಒಂದು ಕಾಲಕ್ಕ ಮ್ಯಾಲಿನವರು ಹಿಂಗ ಗೇಟಿಗೆ ಒಗದಿದ್ರು. ನಾ ಯಾರ ಹೆಸರೂ ಹೇಳಲಿಲ್ಲ."

"ಹೇಳಬೇಕಾಗಿತ್ರಿ," ಎಂದಳು ಶೈಲಶ್ರೀ.

ಮಾರನೆಯ ದಿನ ಅವಳ ಮೇಜು ಸೇಫ್ಟಿ ಬೂಟುಗಳನ್ನು ಪೇರಿಸಿಟ್ಟ ಕೋಣೆಯಲ್ಲಿತ್ತು. ಈ ಹುಡುಗಿ ಎಚ್‌ಆರ್ ಕೆಲಸಕ್ಕೆ ಯೋಗ್ಯಳಲ್ಲವೆಂದು ಸಾಹೇಬರು ದಿಗಂಬರರಿಗೆ ಹೇಳಿದರು. ಜಗಳ ಬಗೆಹರಿಸುವ ಉಸಾಬರಿ ಬೇಡವೆಂದು ದಿಗಂಬರ ಅವಳ ಪ್ರೊಬೇಷನ್ ಅವಧಿ ವಿಸ್ತರಿಸಿ ಕೈತೊಳೆದುಕೊಂಡರು. ಸಾಹೇಬರ ಮತ್ತು ಅವಳ ನಡುವೆ ಮಾತು ನಿಂತಿತು. ಅವಳು ಎದುರು ಬಂದರೆ ಸಾಹೇಬರು ಫೋನ್ ಎತ್ತಿಕೊಳ್ಳುತ್ತಿದ್ದರು. ಊಟಕ್ಕೆ ಅವಳ ಪಕ್ಕ ಕೂರಲು ಉಳಿದವರು ಹೆದರುತ್ತಿದ್ದರು.

ಬಿಟ್ಟು ಹೋಗೋಣವೆಂದು ಎಷ್ಟೋ ಸಂಜೆ ಅನ್ನಿಸಿತು. ಸಾಹೇಬರಿಗೆ ಆ ಸುಖ ಕೊಡಬಾರದೆಂಬ ಹಟಕ್ಕೇ ಉಳಿದಳು. ಬೂಟು ಒಯ್ಯಲು ಬಂದವರು ರಜೆ, ಪಿಎಫ್ ಎಂದು ತಮ್ಮ ತಕರಾರು ಹೇಳತೊಡಗಿದರು. ಕಲಿಸುವವರಿಲ್ಲದೆ ಅವಳು ಹಳೆಯ ಫೈಲು ಕೆದಕಿದಳು, ಪಿಎಫ್ ಆಫೀಸಿಗೆ ಅಲೆದಳು. ತಪ್ಪೂ ಮಾಡಿದಳು. ಅವಳ ತಪ್ಪಿನಿಂದ ರಜೆ ಕಳೆದುಕೊಂಡ ಫಿಟ್ಟರ್ ಒಬ್ಬ ಕಂಡಕಂಡಲ್ಲಿ ಅವಳನ್ನು ಬೈದ. ಬೈಸಿಕೊಂಡು, ಮೇಲಿನವರನ್ನು ಅಂಗಲಾಚಿ, ಓಡಾಡಿ ಅದನ್ನು ಸರಿಪಡಿಸಿದಳು. ಬರಬರುತ್ತ ಜನ ಸಾಹೇಬರನ್ನು ದಾಟಿ ನೇರವಾಗಿ ಅವಳ ಕೋಣೆಗೇ ಬರುವಂತಾಯಿತು.

ಚಾಕಣದಲ್ಲಿ ಹೊಸ ಘಟಕ ತೆರೆದಾಗ ದಿಗಂಬರರಿಗೆ ಅಲ್ಲಿಗೊಬ್ಬ ಎಚ್‌ಆರ್ ಅಧಿಕಾರಿ ಬೇಕಾಯಿತು. ಜನ ಅವಳ ಬಳಿಗೇ ಹೋಗುವುದನ್ನು ಕಂಡಿದ್ದ ಅವರು, ಶೈಲಶ್ರೀಯ ನೌಕರಿ ಕಾಯಂ ಮಾಡಿ ಕಳಿಸಿ ಎಂದರು. ಸಹಿ ಸಾಹೇಬರೇ ಹಾಕಬೇಕಿತ್ತು. ಹಾಕಿ, ಹಾಳೆಯನ್ನು ಅವಳತ್ತ ದೂಡಿದರು.

"ಅಲ್ಲೆ ಯಾರರೆ ಕೇಳಿದ್ರ, ಸಿದ್ದಾರೂಢನ ಕೈಯಾಗ ತಯಾರಾದಾಕಿ ಅಂತ ಹೇಳು."

"ಕೇಳಿದ್ರ, ಆದದ್ದು ಆದಂಗ ಹೇಳ್ತೀನ್ರಿ."

ಹೊರಗೆ ನಡಿ ಎಂದು ಸಾಹೇಬರು ಬಾಗಿಲು ತೋರಿಸಿದರು. ಹೊರಡುವ ಮುನ್ನ ಹಿರಿಯರಿಗೆ ನಮಸ್ಕಾರ ಮಾಡು ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ಶೈಲಶ್ರೀ ಮಾಡಲಿಲ್ಲ. ಹಾಳೆಯನ್ನು ಮಡಚಿಕೊಂಡು ಮೆಟ್ಟಿಲಿಳಿದು, ಚಾಕಣದ ಬಸ್ಸು ಹಿಡಿಯಲು ನಡೆದಳು.