ಇವತ್ತು ತಾರೀಖೆಷ್ಟು?

ಹೆಂಡತಿ ತೀರಿಕೊಂಡು ಮೂರು ತಿಂಗಳಾದ ಮೇಲೆ, ಅವಳು ಹೊಲಿಗೆಯ ಅಳತೆಗಳನ್ನು ಬರೆದಿಡುತ್ತಿದ್ದ ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕೂತೆ. ನಾಲ್ಕು ಸಲವೂ ಅದು ಅರ್ಧಕ್ಕೇ ನಿಂತು, ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಹಟ ಹಿಡಿಯಿತು. ಕೀಬೋರ್ಡಿಗೆ ಎರಡೇಟು ಬಿಗಿದು ರಿಪೇರಿಯವನಿಗೆ ಫೋನ್ ಮಾಡಿದೆ.

“ಸರ್, ಕೆಳಗೆ ಬಲಗಡೆ ತಾರೀಖು ಏನಿದೆ ನೋಡಿ.”

ಹದಿನಾಲ್ಕು ವರ್ಷದ ಹಿಂದಿನ ತಾರೀಖಿತ್ತು.

“ಒಳಗಿನ ಬ್ಯಾಟರಿ ಸತ್ತಿದೆ. ಆಫ್ ಮಾಡಿದಾಗೆಲ್ಲ ತಾರೀಖು ಹಿಂದಕ್ಕೆ ಹೋಗುತ್ತೆ. ಅದು ತಪ್ಪಿದ್ರೆ ಅಪ್‌ಗ್ರೇಡ್ ಆಗಲ್ಲ. ಇಷ್ಟು ವರ್ಷ ಯಾರೋ ದಿನಾ ಬೆಳಿಗ್ಗೆ ಸರಿ ಮಾಡ್ತಿದ್ರು ಅನ್ಸುತ್ತೆ.”

ದಿನಾ ಬೆಳಿಗ್ಗೆ ಇದೇ ಕುರ್ಚಿಯಿಂದ ಅವಳು ಕೂಗುತ್ತಿದ್ದಳು: “ರೀ, ಇವತ್ತು ತಾರೀಖೆಷ್ಟು?” ಪೇಪರಿನಿಂದ ತಲೆಯೆತ್ತದೆ ನಾನು ಸಿಡುಕುತ್ತಿದ್ದೆ: “ನಿನ್ನೆ ಇಪ್ಪತ್ತು ಅಂದ್ಮೇಲೆ ಇವತ್ತು ಇಪ್ಪತ್ತೊಂದಲ್ದೆ ಇನ್ನೇನು? ದಿನಾ ನಿಂದು ಇದೇ ಗೋಳು!”

“ಇವತ್ತಿನ ತಾರೀಖು ಹಾಕಿ ಸರ್, ಎಲ್ಲ ಸರಿಹೋಗುತ್ತೆ,” ಎಂದ ರಿಪೇರಿಯವನು.

ಕೀಬೋರ್ಡಿನ ಮೇಲೆ ಬೆರಳಿಟ್ಟೆ. ಕೇಳುವವಳು ಹೋದ ಮೇಲೆ ನಾನು ತಾರೀಖು ನೋಡುವುದನ್ನೇ ಬಿಟ್ಟಿದ್ದೆ.

“ಇವತ್ತು ತಾರೀಖೆಷ್ಟಪ್ಪಾ?” ಎಂದು ಅವನನ್ನೇ ಕೇಳಿದೆ.