ಗಾಳಿಯಂತ್ರಕ್ಕೆ ಅಡ್ಡ ನಿಂತ ಮನೆ

ಊರವರು ನನ್ನನ್ನು ಕತ್ತರಿ ಎಂದು ಕರೆಯುವುದು ನಾನು ಬಟ್ಟೆ ಹೊಲಿಯುತ್ತೇನೆ ಎಂಬ ಒಂದೇ ಕಾರಣಕ್ಕಲ್ಲ, ನನ್ನ ನಾಲಿಗೆಯೂ ಅಷ್ಟೇ ಹರಿತ. ಅವತ್ತು ಊರಿನ ಸಭೆಯಲ್ಲಿ ಆ ಹೆಸರನ್ನು ಉಳಿಸಿಕೊಂಡೆ. ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರ ಬೇಕೆನ್ನುವವರೂ ಬೇಡವೆನ್ನುವವರೂ ಬೆಳಗಿನಿಂದ ಕಚ್ಚಾಡುತ್ತಿದ್ದರು. ಬೇಕೆನ್ನುವವರ ಮುಂದಾಳು ನನ್ನ ಅಣ್ಣನೇ. ಯಂತ್ರ ನಿಲ್ಲುವುದು ಅವನ ಹೊಲದಲ್ಲಿ. ಹೊಲಕ್ಕೆ ಅಂಟಿಕೊಂಡಿರುವ ಎರಡು ಕೋಣೆಯ ಹಂಚಿನ ಮನೆಯೂ ಅವನದೇ. ಅದರಲ್ಲಿ ಇರುವವಳು ಮಾತ್ರ ನಾನು. ಗಂಡನ ಮನೆ ಬಿಟ್ಟು ಬಂದಾಗ ಬೀಗದ ಕೈ ಕೊಟ್ಟವನು ಅವನೇ.

ನಾನು ಎದ್ದು ನಿಂತು, ಸಭೆಗೆ ಬಂದಿದ್ದ ಸರ್ಕಾರಿ ಅಧಿಕಾರಿಯನ್ನು ಕೇಳಿದೆ.

"ಜನ ವಾಸ ಇರೋ ಮನೆ ಪಕ್ಕ ಇದನ್ನ ನಿಲ್ಲಿಸೋ ಹಾಗಿಲ್ಲ ಅಲ್ವಾ ಸಾರ್?"

"ಹೌದಮ್ಮ. ನಾಳೆ ಬಂದು ಅಳತೆ ಮಾಡ್ತೀವಿ."

"ಮನೆ ಅಂದ್ರೆ ಯಾವುದು ಅಂತ ಇವರಿಗೂ ಸ್ವಲ್ಪ ಹೇಳಿ."

"ಮೇಲೆ ಸೂರಿರಬೇಕು, ಒಳಗೆ ಜನ ಇರಬೇಕು."

"ಕೇಳಿಸ್ತಾ ಅಣ್ಣಾ? ಸೂರಿರೋವರೆಗೂ ಅದು ಮನೆ. ಅಲ್ಲೀವರೆಗೂ ನಿನ್ನ ಫ್ಯಾನು ತಿರುಗಲ್ಲ."

ಎಲ್ಲರೂ ನಕ್ಕರು. ಅಣ್ಣ ಎದ್ದು ಹೋದ. ಸೋತ ಎಂದುಕೊಂಡೆ. ನನಗಂತೂ ಕೋಡು ಮೂಡಿತ್ತು. ಹೊಗಳುವವರ ಮಧ್ಯೆ ಕೂತು ಎರಡೆರಡು ಸಲ ಚಹಾ ಕುಡಿದು, ಬಿಸಿಲು ಇಳಿಯುವ ಹೊತ್ತಿಗೆ ಮನೆ ಕಡೆ ಹೊರಟೆ.

ದೂರದಿಂದಲೇ ಮನೆ ಗಿಡ್ಡವಾಗಿ ಕಂಡಿತು. ಹತ್ತಿರ ಬಂದರೆ ಅಂಗಳದ ತುಂಬ ಹಂಚು, ಓರಣವಾಗಿ ಜೋಡಿಸಿಟ್ಟದ್ದು. ಅಣ್ಣ ಮೇಲೆ ಕೂತು ಉಳಿದದ್ದನ್ನು ಇಳಿಸುತ್ತಿದ್ದ. ಹಂಚು ಹೊದಿಸುವುದೂ ಇಳಿಸುವುದೂ ಅವನ ಕಸುಬು, ಕೈ ಚುರುಕು. ಬಾಗಿಲಲ್ಲಿ ನಿಂತು ನೋಡಿದೆ. ಹೊಲಿಗೆ ಯಂತ್ರ, ಹಾಸಿಗೆ, ಒಲೆ, ಇನ್ನೂ ಗುಂಡಿ ಹಚ್ಚದ ಅಂಗಿ, ಎಲ್ಲದರ ಮೇಲೂ ಸಂಜೆ ಬಿಸಿಲು. ನನ್ನನ್ನೇ ಬೀದಿಯಲ್ಲಿ ನಿಲ್ಲಿಸಿದಂತಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಏಣಿಯ ಬುಡದಲ್ಲಿತ್ತು. ಏಣಿ ಹಿಡಿದು ನಿಂತಿದ್ದವಳು ಅಮ್ಮ.

"ಅಮ್ಮಾ, ಏನಿದು?"

"ಬೇಡ ಕಣೋ ಅಂದೆ, ಕೇಳಲಿಲ್ಲ. ಬಿದ್ದುಗಿದ್ದಾನು ಅಂತ ಹಿಡ್ಕೊಂಡಿದೀನಿ."

"ನಾನೆಲ್ಲಿ ಮಲಗ್ಲಿ?"

ಅಣ್ಣ ಮೇಲಿನಿಂದ ಹೇಳಿದ, "ನಮ್ಮನೇಲಿ. ಹಿಂದಿನ ರೂಮು ಖಾಲಿ ಮಾಡಿಸಿದೀನಿ."

ಅವನ ದನಿಯಲ್ಲಿ ಚೂರೂ ಕೋಪವಿರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

"ನಂಗಿನ್ನು ನಿಲ್ಲೋಕಾಗಲ್ಲ, ಸ್ವಲ್ಪ ಹಿಡ್ಕೊಳ್ಳೆ" ಎಂದು ಅಮ್ಮ ಸೊಂಟ ನೀವಿಕೊಳ್ಳುತ್ತ ಕೈಬಿಟ್ಟಳು. ಅಣ್ಣ ಆಗಲೇ ಹಂಚುಗಳನ್ನು ತೋಳಿನಲ್ಲಿ ಅವಚಿಕೊಂಡು ಏಣಿಗೆ ಕಾಲಿಟ್ಟಿದ್ದ. ಏಣಿ ಪಕ್ಕಕ್ಕೆ ಜಾರಿತು. ನಾನು ಓಡಿ ಹೋಗಿ ಹಿಡಿದೆ.

ಅವನು ಇಳಿದು, ಹಂಚು ಇಟ್ಟು, ಮತ್ತೆ ಹತ್ತಿದ. ಇನ್ನೂ ಒಂದು ಸಾಲು ಉಳಿದಿತ್ತು. ನಾನು ಏಣಿ ಬಿಡಲಿಲ್ಲ.