ಆ್ಯಪ್ ದಡ್ಡಿ ಅಂದದ್ದು ಯಾರನ್ನು?

ಅಕ್ಕನಿಗೆ ನಾನೊಂದು ಮಾತು ಕೊಟ್ಟಿದ್ದೆ. ಅವಳ ನಾಲ್ಕನೇ ತರಗತಿ ಮುಗಿದ ವರ್ಷ ಅಪ್ಪ, “ಇಬ್ಬರನ್ನೂ ಓದಿಸೋಕೆ ನನ್ನ ಕೈಲಾಗಲ್ಲ” ಎಂದು ಅವಳನ್ನು ಸ್ಕೂಲು ಬಿಡಿಸಿದರು. ಅವಳ ಚೀಲ ನನಗೆ ಬಂತು. ಅದನ್ನು ಹೆಗಲಿಗೇರಿಸಿಕೊಂಡು ಅಳುತ್ತಲೇ ಹೇಳಿದ್ದೆ: “ನನಗೆ ಮಕ್ಕಳಾದ್ರೆ, ಒಬ್ಬರ ಓದಿಗೋಸ್ಕರ ಇನ್ನೊಬ್ಬರನ್ನ ಬಿಡಿಸಲ್ಲ ಅಕ್ಕ.”

ಅಕ್ಕ ನಕ್ಕಿದ್ದಳು. “ಮೊದಲು ಮೂಗು ಒರೆಸ್ಕೊಳ್ಳೇ. ಮಕ್ಕಳು ಆಮೇಲೆ.”

ಈಗ ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಳೆದ ವರ್ಷ ಕಾಲೇಜಿಗೆ ಸೇರಿದಳು. ಚಿಕ್ಕವಳು ಆಗ ಐದನೇ ತರಗತಿ. ಬಾಯಿಗೆ ಬೀಗವಿಲ್ಲ, ಅದಕ್ಕೇ ಎಲ್ಲರೂ ಅವಳನ್ನು ವಟವಟ ಅಂತಲೇ ಕರೆಯುತ್ತಾರೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುತ್ತೇನೆ. ನನ್ನ ಯಜಮಾನರು ವ್ಯಾನಿನಲ್ಲಿ ನೀರಿನ ಕ್ಯಾನು ಹಾಕುತ್ತಾರೆ. ಅಕ್ಕ ನಮ್ಮ ಜೊತೆಗೇ ಇದ್ದಾಳೆ. ನಾವೆಲ್ಲ ಹೊರಗೆ ಹೋದ ಮೇಲೆ ಮನೆ ಅವಳ ರಾಜ್ಯ. ಅಂಗಡಿಯವರು ಕೊಟ್ಟ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತಿರುತ್ತಾಳೆ.

ಲಾಂಡ್ರಿಯೊಳಗೆ ಫೋನು ಒಯ್ಯುವಂತಿಲ್ಲ. ಹಾಗಾಗಿ ನನ್ನ ಫೋನು ಹಗಲೆಲ್ಲ ಅಡುಗೆಮನೆ ಕಿಟಕಿಯಲ್ಲಿ ಸಕ್ಕರೆ ಡಬ್ಬಕ್ಕೆ ಒರಗಿಕೊಂಡು ನಿಂತಿರುತ್ತದೆ. ನಮ್ಮ ಮನೆಯಲ್ಲಿ ನೆಟ್ ಸಿಗುವುದು ಅಲ್ಲಿ ಮಾತ್ರ. ವಟವಟಳ ಸ್ಕೂಲಿನವರು ಹೋಂವರ್ಕನ್ನೆಲ್ಲ ಒಂದು ಆ್ಯಪಿಗೆ ಹಾಕಿದ್ದರು. ಅದನ್ನು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯಲು ಓಟಿಪಿ ಬೇಕು, ಓಟಿಪಿ ಹೋಗುವುದು ಯಜಮಾನರ ನಂಬರಿಗೆ, ಅವರು ಆಗ ಯಾವುದೋ ಬೀದಿಯಲ್ಲಿ ಸ್ಟೇರಿಂಗ್ ಹಿಡಿದಿರುತ್ತಾರೆ. ಅದಕ್ಕೆ ನಮ್ಮಲ್ಲಿ ಅದನ್ನು ಮುಚ್ಚುವ ಮಾತೇ ಇರಲಿಲ್ಲ. ವಟವಟಳ ಹೆಸರಲ್ಲಿ ಹಗಲೂ ರಾತ್ರಿ ತೆರೆದೇ ಇರುತ್ತಿತ್ತು.

ನನ್ನ ವಾರದ ರಜೆಯ ಒಂದು ದಿನ ಸ್ಕೂಲಿನಿಂದ ಕರೆ ಬಂತು. ಹೋದೆ. ಹೆಡ್‌ಮೇಡಂ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ಕೆಂಪು ಬಣ್ಣ ರಾಚುತ್ತಿತ್ತು.

“ನಿಮ್ಮ ಮಗಳು ಲೆಕ್ಕದಲ್ಲಿ ತುಂಬಾ ಹಿಂದೆ ಇದಾಳೆ ಅಮ್ಮ. ಭಿನ್ನರಾಶಿ ತಲೆಗೇ ಹತ್ತಿಲ್ಲ. ನಿನ್ನೆ ಕಲಿತದ್ದು ಇವತ್ತು ಮರೆತಿರ್ತಾಳೆ ಅಂತ ಆ್ಯಪ್ ಹೇಳ್ತಿದೆ.”

“ಕ್ಲಾಸಲ್ಲಿ ಹೇಗೆ ಮಾಡ್ತಾಳೆ ಮೇಡಂ?”

ಪಕ್ಕದಲ್ಲಿದ್ದ ಲೆಕ್ಕದ ಟೀಚರ್ ಮೆಲ್ಲಗೆ ಹೇಳಿದರು. “ಕ್ಲಾಸಲ್ಲಿ ಚೆನ್ನಾಗೇ ಮಾಡ್ತಾಳೆ. ಆದ್ರೆ ಆ್ಯಪ್ ಒಪ್ತಾ ಇಲ್ಲ.”

ಹೆಡ್‌ಮೇಡಂ ದಾರಿಯನ್ನೂ ಹೇಳಿದರು. ಅದೇ ಆ್ಯಪಿನ ಕಂಪನಿಯವರದು ವಿಶೇಷ ಪ್ಯಾಕೇಜ್ ಇದೆ, ಅದನ್ನು ತೆಗೆದುಕೊಳ್ಳಬೇಕು. ಇಲ್ಲವಾದರೆ ವಟವಟ ಮತ್ತೆ ಐದನೇ ತರಗತಿಯಲ್ಲೇ ಕೂರಬೇಕು. ಎಷ್ಟು ಅಂತ ಕೇಳಿದೆ. ಅವರು ಹೇಳಿದ ಮೊತ್ತ ದೊಡ್ಡವಳ ಕಾಲೇಜಿನ ಒಂದು ವರ್ಷದ ಫೀಸಿಗೆ ಸಮ.

“ಫೋನಲ್ಲಿ ಒಪ್ಪಿಗೆ ಅಂತ ಬರುತ್ತೆ, ಒತ್ತಿಬಿಡಿ ಸಾಕು,” ಎಂದರು.

ಗೇಟಿನ ಹತ್ತಿರ ಬೇರೆ ಮಕ್ಕಳ ತಂದೆತಾಯಂದಿರು ನಿಂತಿದ್ದರು. ಅವರಲ್ಲಿ ಕೆಲವರಿಗೂ ಇದೇ ಕರೆ ಬಂದಿತ್ತಂತೆ. “ನೆಟ್ ಇಲ್ದೆ ಈಗ ಓದೇ ಇಲ್ಲ ಕಣ್ರೀ, ಕಟ್ಟಲೇಬೇಕು,” ಎಂದಳೊಬ್ಬಳು. ಬ್ಯೂಟಿ ಪಾರ್ಲರಿನವಳು, “ಆನ್‌ಲೈನು ಅಂದ್ರೆ ಅಗ್ಗ ಆಗುತ್ತೆ ಅಂದಿದ್ರು. ನಮಗೆ ಬಂದಿರೋದು ಎರಡು ಬಿಲ್ಲು, ಸ್ಕೂಲಿಂದೊಂದು, ನೆಟ್ಟಿಂದೊಂದು,” ಎಂದು ಮೂಗು ಮುರಿದಳು. “ಇದಕ್ಕೆಲ್ಲ ಸರ್ಕಾರ ಒಂದು ನಿಯಮ ಮಾಡಬೇಕಪ್ಪ,” ಎಂದ ಆಟೋದವನು. ನಿಯಮ ಬರುವವರೆಗೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಸಂಜೆ ವಿಷಯ ತಿಳಿದು ಯಜಮಾನರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ದೊಡ್ಡವಳ ಕಡೆ ನೋಡದೆ ಹೇಳಿದರು. “ಒಂದು ವರ್ಷ ದೊಡ್ಡವಳು ಮನೇಲಿರಲಿ. ಮೆಡಿಕಲ್ ಶಾಪಿನವರು ಕೌಂಟರಿಗೆ ಹುಡುಗಿ ಬೇಕು ಅಂತಿದ್ರು. ಮುಂದಿನ ವರ್ಷ ಮತ್ತೆ ಸೇರಿಸೋಣ.”

“ಅಕ್ಕನ್ನ ಬಿಡಿಸಿದಾಗ ಅಪ್ಪನೂ ಮುಂದಿನ ವರ್ಷ ಅಂತಲೇ ಹೇಳಿದ್ರು ರೀ,” ಎಂದೆ.

“ಹಾಗಾದ್ರೆ ನೀನೇ ಹೇಳು, ನಾನೇನು ಕ್ಯಾನಲ್ಲಿ ನೋಟು ತುಂಬಿಸ್ಕೊಂಡು ಬರ್ಲಾ?”

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಕಟ್ಟಿಬಿಡಿ. ಸ್ಕೂಲಿನೋರ ಹತ್ರ ಜಗಳ ಆಡಿ ಗೆದ್ದೋರುಂಟಾ? ನಾನು ಸ್ಕೂಲು ಬಿಟ್ಟು ಸತ್ತೇನೂ ಹೋಗಲಿಲ್ಲ.”

ದೊಡ್ಡವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ನನಗೆ ತಡೆಯಲಾಗಲಿಲ್ಲ. “ಕಟ್ಟಲ್ಲ. ದೊಡ್ಡವಳನ್ನ ಬಿಡಿಸೋದೂ ಇಲ್ಲ, ಚಿಕ್ಕವಳನ್ನ ಅದೇ ಕ್ಲಾಸಲ್ಲಿ ಕೂರಿಸೋದೂ ಇಲ್ಲ,” ಎಂದೆ.

ಮೇಲಿನ ಮನೆಯಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವ ಮೇಡಂ ಇದ್ದಾರೆ. ಮಾರನೆಯ ಸಂಜೆ ಅವರನ್ನು ಕರೆದು ಫೋನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ಒಪ್ಪಿಗೆಯ ಗುಂಡಿಯ ಮೇಲಿದ್ದ ಸಣ್ಣ ಅಕ್ಷರಗಳನ್ನು ಅವರು ಓದುತ್ತಲೇ ಹೋದರು. ಯಜಮಾನರಿಗೆ ಆಕಳಿಕೆ ಬಂತು.

“ಅಷ್ಟೊಂದು ಏನಿದೆ ಮೇಡಂ ಅದ್ರಲ್ಲಿ? ನಾವು ಯಾವತ್ತೂ ಓದಿಲ್ಲ.”

“ಯಾರೂ ಓದಲ್ಲಣ್ಣ, ಅದಕ್ಕೇ ಇಷ್ಟುದ್ದ ಬರೆದಿರ್ತಾರೆ. ನೋಡಿ, ಮಗುವಿನ ಧ್ವನಿ, ಫೋಟೋ, ಮನೆ ಇರೋ ಜಾಗ, ಮಾರ್ಕ್ಸು, ಎಲ್ಲಾ ಇಟ್ಕೋತಾರಂತೆ. ತಮ್ಮ ಪಾಲುದಾರರಿಗೂ ಕೊಡ್ತಾರಂತೆ.”

“ಯಾರದು ಪಾಲುದಾರರು?”

“ಬರೆದಿಲ್ಲ. ಕೇಳಬೇಕು. ಇನ್ನೊಂದು ನೋಡಿ, ನಿಮ್ಮ ಮಗಳು ಹಿಂದೆ ಇದಾಳೆ ಅಂತ ಹೇಳಿದ್ದು ಈ ಕಂಪನಿ. ಪ್ಯಾಕೇಜು ಮಾರ್ತಿರೋದೂ ಇದೇ ಕಂಪನಿ.”

ಯಜಮಾನರ ಆಕಳಿಕೆ ಅರ್ಧಕ್ಕೇ ನಿಂತಿತು. “ಕಾಯಿಲೆ ಇದೆ ಅನ್ನೋನೂ ಅವನೇ, ಔಷಧಿ ಮಾರೋನೂ ಅವನೇ ಅನ್ನಿ.”

“ಹೇಳಿರೋದು ಸುಳ್ಳು ಅಂತ ನಾನು ಹೇಳ್ತಿಲ್ಲ,” ಎಂದರು ಮೇಡಂ. “ನಮ್ಮ ಲೈಬ್ರರಿ ಕಂಪ್ಯೂಟರಲ್ಲಿ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಕೂತು ಎದ್ದು ಹೋಗಿರ್ತಾರೆ. ಕಂಪ್ಯೂಟರಿಗೇನು ಗೊತ್ತಾಗುತ್ತೆ, ಯಾರ ಹೆಸರಲ್ಲಿ ತೆರೆದಿರುತ್ತೋ ಅವರೇ ಮಾಡಿದ್ದು ಅಂದ್ಕೊಳ್ಳುತ್ತೆ. ಈ ಫೋನಲ್ಲಿ ಮಗು ಒಬ್ಬಳೇನಾ ಒತ್ತೋದು?”

“ಅವಳೊಬ್ಬಳೇ,” ಎಂದೆ ನಾನು.

“ನಾನೂ ಒತ್ತುತೀನಿ,” ಎಂದಳು ಅಕ್ಕ.

ಎಲ್ಲರೂ ಅವಳ ಕಡೆ ತಿರುಗಿದೆವು. ಅಕ್ಕ ಅಂಗಿಯ ಗುಂಡಿಯನ್ನು ಎಳೆದು ಗಟ್ಟಿ ಇದೆಯೇ ಎಂದು ನೋಡುತ್ತಿದ್ದಳು.

“ಮಧ್ಯಾಹ್ನ ಯಾರೂ ಇರಲ್ಲ. ಅದು ಪಾಠ ಹೇಳ್ತಾ ಇರುತ್ತೆ, ಕೂತು ಕೇಳ್ತೀನಿ. ಲೆಕ್ಕ ಕೊಡುತ್ತೆ, ಮಾಡ್ತೀನಿ. ಕೂಡೋದು ಕಳೆಯೋದು ಬರುತ್ತೆ. ಈ ಮೇಲೊಂದು ಕೆಳಗೊಂದು ಬರೆದು ಗೆರೆ ಎಳೀತಾರಲ್ಲ, ಅದು ಬರಲ್ಲ. ನಾನು ಬಿಟ್ಟ ಮೇಲೆ ಶುರುವಾಗೋ ಪಾಠ ಅದು.”

“ದೊಡ್ಡಮ್ಮಾ, ಹಾಗಾದ್ರೆ ನನ್ನ ಮಾನ ಕಳೆದಿದ್ದು ನೀನಾ?” ಎಂದಳು ವಟವಟ. ಯಜಮಾನರು ನಕ್ಕರು, ಅಕ್ಕನೂ ನಕ್ಕಳು. ನಗುತ್ತಲೇ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಈಗೇನು ಮಾಡೋದು?” ಎಂದೆ.

“ನಾಳೆ ನಾನೂ ಬರ್ತೀನಿ,” ಎಂದಳು ಅಕ್ಕ. “ಆ ದಡ್ಡಿ ನಾನೇ ಅಂತ ಹೇಳ್ತೀನಿ. ನನ್ನ ಮಾರ್ಕಿಗೆ ದೊಡ್ಡವಳ್ಯಾಕೆ ಕಾಲೇಜು ಬಿಡಬೇಕು?”

ಬೆಳಿಗ್ಗೆ ರಜೆ ಹಾಕಿ ಹೊರಟೆವು. ಗೇಟಿನ ಹತ್ತಿರ ಪಾರ್ಲರಿನವಳೂ ಆಟೋದವನೂ ಸೇರಿಕೊಂಡರು. ಕಚೇರಿಯಲ್ಲಿ ಕುರ್ಚಿ ಸಾಲಲಿಲ್ಲ, ನಿಂತೇ ಮಾತಾಡಿದೆವು.

“ಇಷ್ಟು ಜನ ಯಾಕೆ ಬಂದ್ರಿ? ಕಂಪ್ಯೂಟರ್ ತಪ್ಪು ಮಾಡಲ್ಲ ಅಮ್ಮ,” ಎಂದರು ಹೆಡ್‌ಮೇಡಂ.

“ಅದು ತಪ್ಪು ಮಾಡಿಲ್ಲ ಮೇಡಂ,” ಎಂದಳು ಅಕ್ಕ. “ನನಗೆ ಭಿನ್ನರಾಶಿ ಬರಲ್ಲ, ಸರಿಯಾಗೇ ಹೇಳಿದೆ. ಆದ್ರೆ ನಾನು ಇವಳಲ್ಲ.”

ಹೆಡ್‌ಮೇಡಂ ಅವಳನ್ನೂ ಮಗುವನ್ನೂ ನೋಡಿದರು. “ಇದನ್ನ ನಾನು ಹೇಗೆ ನಂಬಲಿ?”

“ನಂಬಬೇಡಿ. ಬೋರ್ಡು ಇದೆ, ಸೀಮೆಸುಣ್ಣ ಇದೆ, ಟೀಚರ್ ಇದಾರೆ,” ಎಂದೆ ನಾನು. ಬೋರ್ಡಿನ ಕಡೆ ಕೈ ತೋರಿಸಿದೆ. “ಆ್ಯಪ್ ಹೇಳಿತು ಅಂತ ಮಗುವನ್ನ ಹಿಂದಕ್ಕೆ ಕೂರಿಸೋದಾದ್ರೆ, ಮಗುವನ್ನೂ ಒಂದು ಸಲ ಕೇಳಿ. ನಾವು ಇಲ್ಲೇ ಇರ್ತೀವಿ.”

ಟೀಚರ್ ಬೋರ್ಡಿನ ಮೇಲೆ ಮುಕ್ಕಾಲು, ಅದರ ಪಕ್ಕ ಮೂರನೇ ಒಂದು ಬರೆದು ಕೂಡಿಸಲು ಹೇಳಿದರು. ವಟವಟ ಸೀಮೆಸುಣ್ಣ ತೆಗೆದುಕೊಂಡಳು. ಅವಳ ಮುಖ ಬೋರ್ಡಿನ ಕಡೆ ಇರಲಿಲ್ಲ, ಅಕ್ಕನ ಕಡೆ ಇತ್ತು.

“ನೋಡು ದೊಡ್ಡಮ್ಮ, ಕೆಳಗಿಂದು ಬೇರೆ ಬೇರೆ ಇದೆ ಅಲ್ವಾ, ಹಾಗೇ ಕೂಡಿಸಬಾರ್ದು. ನೀನು ಅಲ್ಲೇ ತಪ್ಪು ಮಾಡ್ತೀಯ. ಮೊದಲು ಎರಡನ್ನೂ ಹನ್ನೆರಡು ಮಾಡ್ಕೋ. ಇದು ಒಂಬತ್ತಾಯ್ತು, ಇದು ನಾಲ್ಕು. ಹದಿಮೂರು. ಅಂದ್ರೆ ಒಂದು ಪೂರ್ತಿ, ಇನ್ನೊಂದು ಚೂರು ಮಿಕ್ತು.”

ಟೀಚರ್ ಇನ್ನಷ್ಟು ಲೆಕ್ಕ ಕೊಟ್ಟರು. ಮಾಡಿದಳು. ಒಂದು ತಪ್ಪಿತು, ತಾನೇ ಅಳಿಸಿ ಸರಿ ಮಾಡಿದಳು. ಟೀಚರ್ ಈ ಸಲ ಗಟ್ಟಿಯಾಗಿ ಹೇಳಿದರು. “ಇವಳು ಆರನೇ ತರಗತಿಗೆ ಹೋಗಬಹುದು ಮೇಡಂ. ನಾನು ಸಹಿ ಹಾಕ್ತೀನಿ.”

“ಸರಿ,” ಎಂದರು ಹೆಡ್‌ಮೇಡಂ. “ಪ್ಯಾಕೇಜು ಬೇಡ. ಆದ್ರೆ ಹೋಂವರ್ಕಿಗೂ ಆ ಒಪ್ಪಿಗೆ ಬೇಕು, ಅದನ್ನ ಒತ್ತಿ.”

“ಪಾಲುದಾರರು ಯಾರು ಅಂತ ಬರೆದುಕೊಡೋವರೆಗೂ ಒತ್ತಲ್ಲ ಮೇಡಂ. ಅಲ್ಲಿವರೆಗೂ ಹೋಂವರ್ಕು ಕಾಗದದಲ್ಲಿ ಕೊಡಿ.”

“ನಮ್ಮ ಮಕ್ಕಳಿಗೂ,” ಎಂದಳು ಪಾರ್ಲರಿನವಳು. “ನಮ್ಮವನಿಗೂ ಬೋರ್ಡಲ್ಲಿ ಪರೀಕ್ಷೆ ಮಾಡಿ,” ಎಂದ ಆಟೋದವನು.

ಹೆಡ್‌ಮೇಡಂ ಹಣೆ ಒತ್ತಿಕೊಂಡರು. “ಕಾಗದದಲ್ಲೇ ಕೊಡಿಸ್ತೀನಿ. ಕಂಪನಿಯವರನ್ನೂ ಕೇಳ್ತೀನಿ. ಇದನ್ನ ಎಲ್ಲರಿಗೂ ಹೇಳ್ಕೊಂಡು ತಿರುಗಬೇಡಿ.”

“ಹೇಳ್ತೀವಿ ಮೇಡಂ,” ಎಂದಳು ಅಕ್ಕ.

ಅಂದು ಸಂಜೆ ಯಜಮಾನರು ಬೂಟು ಬಿಚ್ಚುವ ಮೊದಲೇ ಏನಾಯಿತೆಂದು ಕೇಳಿದರು. ವಟವಟ ನಡೆದದ್ದನ್ನೂ ನಡೆಯದ್ದನ್ನೂ ಸೇರಿಸಿ ಹೇಳಿದಳು. ಅವರು ದೊಡ್ಡವಳನ್ನು ಕರೆದು, “ಮೆಡಿಕಲ್ ಶಾಪಿನವರಿಗೆ ಇಲ್ಲ ಅಂತ ಹೇಳ್ಬಿಟ್ಟೆ ಕಣಮ್ಮ,” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, “ನೀವು ಓದೋದಾದ್ರೆ ನಿಮ್ಮ ಹೆಸರಲ್ಲೇ ಓದಿ ಅಕ್ಕ. ಓಟಿಪಿ ಬಂದ್ರೆ ಗಾಡಿ ಪಕ್ಕಕ್ಕೆ ಹಾಕಿ ಹೇಳ್ತೀನಿ,” ಎಂದರು. ದುಡ್ಡಿಲ್ಲದೆ ಕಲಿಸುವ ಬೇರೊಂದು ಆ್ಯಪನ್ನು ಲೈಬ್ರರಿ ಮೇಡಂ ಅವಳಿಗೆ ತೆರೆದುಕೊಟ್ಟಿದ್ದಾರೆ.

ಇದನ್ನು ಓದುತ್ತಿರುವ ತಂದೆತಾಯಂದಿರೇ, ನಾವು ಫೋನಿಗೆ ಶತ್ರುಗಳಲ್ಲ. ನಮ್ಮ ಅಕ್ಕ ಕಲಿಯುತ್ತಿರುವುದು ಅದರಲ್ಲೇ. ಆದರೆ ಒಪ್ಪಿಗೆ ಎಂಬ ಗುಂಡಿ ಕಂಡ ತಕ್ಷಣ ಒತ್ತಬೇಡಿ. ಓದಲು ಬಾರದಿದ್ದರೆ ಓದಬಲ್ಲವರನ್ನು ಕರೆಯಿರಿ. ನನ್ನ ಮಗುವಿನ ವಿಷಯ ಯಾರ ಕೈಗೆ ಹೋಗುತ್ತದೆ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಒತ್ತದಂತೆ ನೋಡಿಕೊಳ್ಳಿ. ಮಗು ದಡ್ಡ ಎಂದು ಯಂತ್ರ ಹೇಳಿದರೆ, ದುಡ್ಡು ಕಟ್ಟುವ ಮೊದಲು ಟೀಚರ್ ಎದುರು, ನಿಮ್ಮ ಎದುರು ಮಗುವನ್ನು ಪರೀಕ್ಷೆ ಮಾಡಿಸಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಕುರ್ಚಿ ಕೊಡದಿದ್ದರೆ ನಿಂತೇ ಕೇಳಿ.

ಚಿಕ್ಕವಳು ಆರನೇ ತರಗತಿಯಲ್ಲಿದ್ದಾಳೆ. ದೊಡ್ಡವಳು ಕಾಲೇಜಿಗೆ ಹೋಗುತ್ತಿದ್ದಾಳೆ. ಅಕ್ಕನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ.